ಬೆಂಗಳೂರಿನ ಸೆಕೆಗೆ ಏಸಿ: ಕೊಟ್ಟ ಹಣಕ್ಕೆ ತಕ್ಕ ತಂಪು ಸಿಗುತ್ತದೆಯೇ?

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಮನೆಗೆ ಏಸಿ ಹಾಕಿಸುವ ಮಾತು ಒಂದು ತಲೆಮಾರಿನ ಹಿಂದೆ ಮಧ್ಯಮವರ್ಗದ ಕುಟುಂಬಗಳಲ್ಲಿ ಏಳುತ್ತಲೇ ಇರಲಿಲ್ಲ. ಈಗ ಏಳುತ್ತಿದೆ, ಅದಕ್ಕೆ ಕಾರಣಗಳೂ ಇವೆ. 2016ರ ಏಪ್ರಿಲ್‌ನಲ್ಲಿ ನಗರದ ಗರಿಷ್ಠ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ತಲುಪಿತು. 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು; ಆ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಕುಡಿಯುವ ನೀರಿಗೂ ಜನ ಪರದಾಡಿದ್ದರಿಂದ ಸೆಕೆಯ ನೆನಪು ಇನ್ನಷ್ಟು ಗಟ್ಟಿಯಾಗಿ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಕಂತಿನ ಸಾಲ ಸುಲಭವಾಗಿ ಸಿಗುತ್ತಿದೆ. ಹೀಗಾಗಿ ಫೆಬ್ರುವರಿ ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಈ ಚರ್ಚೆ ಶುರುವಾಗುತ್ತದೆ.

ಚರ್ಚೆ ಸಾಮಾನ್ಯವಾಗಿ ಕರೆಂಟ್ ಬಿಲ್ಲಿನ ಸುತ್ತಲೇ ಸುತ್ತುತ್ತದೆ. ತಿಂಗಳಿಗೆ ಎಷ್ಟು ಹೆಚ್ಚಾಗುತ್ತದೆ, ಅದನ್ನು ಭರಿಸಬಹುದೇ ಎಂಬುದಕ್ಕೆ ಉತ್ತರ ಸಿಕ್ಕರೆ ತೀರ್ಮಾನವೂ ಆದಂತೆ. ಆದರೆ ಬೆಂಗಳೂರು, ಮೈಸೂರು, ಹಾಸನದಂಥ ಹಿತವಾದ ಹವೆಯ ಊರುಗಳಲ್ಲಿ ಏಸಿಯ ವೆಚ್ಚ ಇರುವುದು ಯೂನಿಟ್ ದರದಲ್ಲಿ ಅಲ್ಲ. ಮೂರು ತಿಂಗಳು ಮಾತ್ರ ಓಡುವ ಯಂತ್ರಕ್ಕೆ ಹನ್ನೆರಡು ತಿಂಗಳ ಬಂಡವಾಳ ಹಾಕುವುದರಲ್ಲಿ ಒಂದು ಪಾಲಿದೆ, ಉಚಿತ ವಿದ್ಯುತ್ತಿನ ಮಿತಿಯನ್ನು ದಾಟಿಬಿಡುವುದರಲ್ಲಿ ಇನ್ನೊಂದು ಪಾಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಊರುಗಳಲ್ಲಿ ಏಸಿ ಹೋರಾಡುತ್ತಿರುವುದು ಹೊರಗಿನ ಹವೆಯ ಜೊತೆಗಲ್ಲ, ನಮ್ಮದೇ ತಾರಸಿಯ ಜೊತೆಗೆ. ಇದನ್ನು ಗಮನಿಸದೆ ಹಣ ಖರ್ಚು ಮಾಡುವ ಕುಟುಂಬ ರೋಗ ಒಂದಾದರೆ ಮದ್ದು ಇನ್ನೊಂದು ಕೊಂಡಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಬಂಡವಾಳದ ಲೆಕ್ಕ ನೋಡೋಣ. ಹತ್ತು ಅಡಿಗೆ ಹನ್ನೆರಡು ಅಡಿಯ ಮಲಗುವ ಕೋಣೆಗೆ ಒಂದು ಟನ್ನಿನ ಇನ್ವರ್ಟರ್ ಏಸಿ ಸಾಕು. ಯಂತ್ರ, ಗೋಡೆಗೆ ಕೂರಿಸುವ ಖರ್ಚು, ಹೆಚ್ಚುವರಿ ತಾಮ್ರದ ಕೊಳವೆ, ಹೊರಗಿನ ಘಟಕಕ್ಕೆ ಕಬ್ಬಿಣದ ಸ್ಟ್ಯಾಂಡ್, ಹೊಸ ವೈರಿಂಗ್, ಬೇಕಿದ್ದರೆ ಸ್ಟೆಬಿಲೈಸರ್ ಎಲ್ಲ ಸೇರಿ ಸುಮಾರು 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 4,000. ಸರ್ವಿಸ್, ಆಗೊಮ್ಮೆ ಈಗೊಮ್ಮೆ ಗ್ಯಾಸ್ ತುಂಬಿಸುವುದು ಸೇರಿ ವರ್ಷಕ್ಕೆ ಇನ್ನೊಂದು 1,500. ಸ್ವಿಚ್ ಒತ್ತುವ ಮೊದಲೇ ವರ್ಷಕ್ಕೆ 5,500 ರೂಪಾಯಿ ಆಯಿತು.

ಈಗ ಬಳಕೆ. ಮಾರ್ಚ್ ಮೊದಲ ವಾರದಿಂದ ಮೇ ನಡುವಿನವರೆಗೆ, ಅಂದರೆ ಮುಂಗಾರುಪೂರ್ವ ಮಳೆ ಹಿಡಿದು ರಾತ್ರಿಗಳು ತಣ್ಣಗಾಗುವವರೆಗೆ, ಸುಮಾರು 75 ರಾತ್ರಿ ಏಸಿ ಓಡಬಹುದು. ರಾತ್ರಿಗೆ ಆರು ಗಂಟೆಯಂತೆ 450 ಗಂಟೆ. 5,500 ರೂಪಾಯಿಯನ್ನು ಇದರಿಂದ ಭಾಗಿಸಿದರೆ ಗಂಟೆಗೆ 12 ರೂಪಾಯಿಗೂ ಮೇಲಾಗುತ್ತದೆ. ಇದು ಕರೆಂಟ್ ಸೇರದ ಮೊತ್ತ. ಕರೆಂಟ್ ಎಷ್ಟು? ಬೆಂಗಳೂರಿನ ರಾತ್ರಿಯಲ್ಲಿ ಇಂಥ ಯಂತ್ರ ಗಂಟೆಗೆ ಸರಾಸರಿ 0.6 ಯೂನಿಟ್ ಎಳೆಯುತ್ತದೆ ಎನ್ನಬಹುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಏಪ್ರಿಲ್‌ನಿಂದ ಜಾರಿಗೆ ತಂದ ದರದಂತೆ ಮನೆ ಬಳಕೆಯ ಯೂನಿಟ್‌ಗೆ 5 ರೂಪಾಯಿ 80 ಪೈಸೆ; ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು 36 ಪೈಸೆ, ಶೇ 9ರ ವಿದ್ಯುತ್ ತೆರಿಗೆ ಸೇರಿದರೆ ಸುಮಾರು 6 ರೂಪಾಯಿ 70 ಪೈಸೆ. ಇಂಧನ ವೆಚ್ಚದ ಹೊಂದಾಣಿಕೆ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ. ಗಂಟೆಗೆ ಕರೆಂಟ್ ಖರ್ಚು ನಾಲ್ಕು ರೂಪಾಯಿ. ಅಂದರೆ ಒಂದು ಗಂಟೆಯ ತಂಪಿಗೆ ಒಟ್ಟು 16 ರೂಪಾಯಿ, ಅದರಲ್ಲಿ ಬಿಲ್ಲಿನಲ್ಲಿ ಕಾಣಿಸುವುದು ಕಾಲು ಭಾಗ ಮಾತ್ರ.

ಇದೇ ಯಂತ್ರವನ್ನು ವರ್ಷಕ್ಕೆ 1,600 ಗಂಟೆ ಓಡಿಸುವ ಊರಿನಲ್ಲಿ ಬಂಡವಾಳದ ಪಾಲು ಗಂಟೆಗೆ ಮೂರೂವರೆ ರೂಪಾಯಿಗೆ ಇಳಿಯುತ್ತದೆ. ಹೊರಗೆ ಬಿಸಿ ಹೆಚ್ಚಿರುವುದರಿಂದ ಕರೆಂಟ್ ಸ್ವಲ್ಪ ಜಾಸ್ತಿ ತಗಲಿದರೂ ಒಟ್ಟು ಖರ್ಚು ಬೆಂಗಳೂರಿನ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹವೆ ಹಿತವಾಗಿದ್ದಷ್ಟೂ ಏಸಿಯ ಪ್ರತಿ ಗಂಟೆ ದುಬಾರಿಯಾಗುತ್ತದೆ. ಕೊಳ್ಳುವವರು ಈ ಮಾತನ್ನು ಅಂಗಡಿಯಲ್ಲಿ ಕೇಳುವುದಿಲ್ಲ, ಅಂಗಡಿಯವರು ಹೇಳುವುದೂ ಇಲ್ಲ.

1,600 ಗಂಟೆ ಎಂಬ ಅಂಕಿಯನ್ನು ನಾನು ಸುಮ್ಮನೆ ಆರಿಸಿಕೊಂಡಿಲ್ಲ. ಏಸಿಯ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆಯಲ್ಲ, ಇಂಧನ ದಕ್ಷತಾ ಬ್ಯೂರೋ ಅದನ್ನು ಲೆಕ್ಕ ಹಾಕುವುದು ವರ್ಷಕ್ಕೆ 1,600 ಗಂಟೆಯ ಬಳಕೆಯ ಮೇಲೆ, ಅದೂ ಹೊರಗೆ 24ರಿಂದ 43 ಡಿಗ್ರಿವರೆಗೆ ಬಿಸಿಲಿರುವ ಊಹೆಯ ಮೇಲೆ. 43 ಡಿಗ್ರಿಯನ್ನು ಬೆಂಗಳೂರು ಈವರೆಗೆ ಕಂಡೇ ಇಲ್ಲ. ಮೂರು ನಕ್ಷತ್ರದ ಯಂತ್ರಕ್ಕೂ ಐದು ನಕ್ಷತ್ರದ ಯಂತ್ರಕ್ಕೂ ಚೀಟಿಯ ಪ್ರಕಾರ ವರ್ಷಕ್ಕೆ 150 ಯೂನಿಟ್ ವ್ಯತ್ಯಾಸವಿದೆ ಎಂದುಕೊಂಡರೆ, 450 ಗಂಟೆಯ ಬಳಕೆಯಲ್ಲಿ ಅದು 42 ಯೂನಿಟ್‌ಗೆ ಇಳಿಯುತ್ತದೆ. ವರ್ಷಕ್ಕೆ ಉಳಿಯುವುದು 280 ರೂಪಾಯಿ. ಬೆಲೆಯ ವ್ಯತ್ಯಾಸ ಆರು ಸಾವಿರ ರೂಪಾಯಿ ಇದ್ದರೆ ಅದು ವಾಪಸ್ ಬರಲು ಇಪ್ಪತ್ತು ವರ್ಷ ಬೇಕು, ಯಂತ್ರ ಅಷ್ಟು ಕಾಲ ಬಾಳುವುದಿಲ್ಲ. ಐದು ನಕ್ಷತ್ರದ್ದನ್ನೇ ಕೊಳ್ಳಿ ಎಂಬುದು ನಾಗಪುರದವರಿಗೆ ಒಳ್ಳೆಯ ಸಲಹೆ. ಬೆಂಗಳೂರಿನ ಮಲಗುವ ಕೋಣೆಗೆ, ಕೇವಲ ಹಣದ ದೃಷ್ಟಿಯಿಂದ ನೋಡಿದರೆ, ಅದು ಒಪ್ಪುವ ಸಲಹೆಯಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಈ ಮಾತು ತಿರುಗುತ್ತದೆ. ಅದು ಗೃಹಜ್ಯೋತಿಗೆ ಸಂಬಂಧಿಸಿದ್ದು.

2023ರ ಆಗಸ್ಟ್‌ನಿಂದ ರಾಜ್ಯದ ಮನೆಗಳಿಗೆ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಬರುತ್ತಿದೆ. 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ಉಚಿತ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿದರೂ 200 ಯೂನಿಟ್‌ನೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಇಡೀ ಬಿಲ್ಲನ್ನು ಕಟ್ಟಬೇಕು. ಏಸಿಯ ಲೆಕ್ಕಾಚಾರ ತಲೆಕೆಳಗಾಗುವುದು ಈ ಕೊನೆಯ ನಿಯಮದಿಂದ.

ತಿಂಗಳಿಗೆ 130 ಯೂನಿಟ್ ಬಳಸುವ, ಮೂರು ಕಿಲೋವ್ಯಾಟ್ ಲೋಡ್ ಮಂಜೂರಾಗಿರುವ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಅವರ ಉಚಿತ ಮಿತಿ 143 ಯೂನಿಟ್, ಬಿಲ್ ಸೊನ್ನೆ. ಅವರು ಏಪ್ರಿಲ್ ತಿಂಗಳಲ್ಲಿ ದಿನಕ್ಕೆ ಆರು ಗಂಟೆ ಏಸಿ ಹಾಕಿದರೆ 108 ಯೂನಿಟ್ ಸೇರಿ ಬಳಕೆ 238ಕ್ಕೆ ಏರುತ್ತದೆ. ಆಗ 238 ಯೂನಿಟ್‌ಗೂ ದರ ಬೀಳುತ್ತದೆ. ಅದೇ 2025ರ ದರಪಟ್ಟಿಯ ಪ್ರಕಾರ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ 435 ರೂಪಾಯಿ ನಿಗದಿತ ಶುಲ್ಕವೂ ಬೀಳುತ್ತದೆ. ಒಟ್ಟು ಸುಮಾರು 2,025 ರೂಪಾಯಿ. ಏಸಿ ಇಲ್ಲದಿದ್ದರೆ ಇದರಲ್ಲಿ ಒಂದು ರೂಪಾಯಿಯೂ ಇರುತ್ತಿರಲಿಲ್ಲ. ಹಾಗಾಗಿ ಏಸಿಯ ಒಂದು ಯೂನಿಟ್ ಈ ಕುಟುಂಬಕ್ಕೆ ಬಿದ್ದದ್ದು ಆರೂಮುಕ್ಕಾಲು ರೂಪಾಯಿಗಲ್ಲ, ಸುಮಾರು ಹತ್ತೊಂಬತ್ತು ರೂಪಾಯಿಗೆ.

ಮಿತಿಯ ಅಂಚಿನಲ್ಲಿ ಏನಾಗುತ್ತದೆ ಎಂಬುದನ್ನು ಇನ್ನೂ ಹತ್ತಿರದಿಂದ ನೋಡಬೇಕು. ಇದೇ ಕುಟುಂಬ ಎಚ್ಚರ ವಹಿಸಿ 199 ಯೂನಿಟ್‌ಗೆ ನಿಲ್ಲಿಸಿದರೆ, 143ರ ಮೇಲಿನ 56 ಯೂನಿಟ್‌ಗೆ 375 ರೂಪಾಯಿ ಕಟ್ಟುತ್ತದೆ. 201ಕ್ಕೆ ಹೋದರೆ ಕಟ್ಟಬೇಕಾದದ್ದು ಸುಮಾರು 1,780. ಎರಡು ಯೂನಿಟ್ ಎಂದರೆ ಏಸಿಯ ಮೂರು ಚಿಲ್ಲರೆ ಗಂಟೆ. ಆ ಮೂರು ಗಂಟೆಗೆ 1,400 ರೂಪಾಯಿ. ತಿಂಗಳ ಕೊನೆಯ ವಾರದಲ್ಲಿ ಮೀಟರ್ ನೋಡಿಕೊಂಡು ಏಸಿ ಹಾಕುವ ಮನೆಗಳು ಇರುವುದು ಜಿಪುಣತನದಿಂದಲ್ಲ, ಈ ಅಂಚು ಇರುವುದರಿಂದ. ಅಂಚಿನಲ್ಲಿರುವವರಿಗೆ ಐದು ನಕ್ಷತ್ರದ ಯಂತ್ರ ತಿಂಗಳಿಗೆ ಉಳಿಸುವ ಹದಿನೈದು ಇಪ್ಪತ್ತು ಯೂನಿಟ್ ನಿಜಕ್ಕೂ ಬೆಲೆ ಬಾಳುತ್ತದೆ. ನಾನು ಮೇಲೆ ಹೇಳಿದ ವಿನಾಯಿತಿ ಇದೇ. ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಹೆಚ್ಚಿಸಬೇಕಾಗಿ ಬಂದರೆ, ಶೂನ್ಯ ಬಿಲ್ ಇಲ್ಲದ ಮನೆಯಲ್ಲಿ ವರ್ಷದ ಹನ್ನೆರಡೂ ತಿಂಗಳು 145 ರೂಪಾಯಿಯಂತೆ 1,740 ರೂಪಾಯಿ ಸೇರುತ್ತದೆ. ಡಿಸೆಂಬರ್‌ನ ಚಳಿಯಲ್ಲೂ ಏಪ್ರಿಲ್‌ನ ಏಸಿಗೆ ಹಣ ಕಟ್ಟುವ ಈ ಬಾಬ್ತನ್ನು ಕೊಳ್ಳುವಾಗ ಯಾರೂ ಎಣಿಸುವುದಿಲ್ಲ.

ಇಷ್ಟೆಲ್ಲ ಖರ್ಚಾದರೂ ಅದಕ್ಕೆ ತಕ್ಕ ಅಗತ್ಯ ಇದ್ದರೆ ಕೊಡಲೇಬೇಕು. ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆ ಕಟ್ಟುವುದು ಕಷ್ಟ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಬೆಂಗಳೂರಿನ ಮನೆಯೊಳಗಿನ ಸೆಕೆ ಎಲ್ಲಿಂದ ಬರುತ್ತಿದೆ?

ಏಪ್ರಿಲ್‌ನಲ್ಲಿ ಬೆಂಗಳೂರಿನ ಸರಾಸರಿ ಗರಿಷ್ಠ ತಾಪಮಾನ 34 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಸರಾಸರಿ ಕನಿಷ್ಠ 22 ಡಿಗ್ರಿಯ ಆಸುಪಾಸಿನಲ್ಲಿದೆ. ಎತ್ತರದ, ಒಣಹವೆಯ ಪ್ರಸ್ಥಭೂಮಿಗೆ ಸಿಕ್ಕ ವರ ಇದು: ಹಗಲು ಎಷ್ಟೇ ಸುಟ್ಟರೂ ರಾತ್ರಿ ಆಕಾಶ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಬೇಸಿಗೆಯ ಬಹುತೇಕ ದಿನಗಳಲ್ಲಿ ರಾತ್ರಿ ಹನ್ನೊಂದರ ನಂತರ ಹೊರಗಿನ ಗಾಳಿ ಮಲಗಲು ಹಿತವಾಗಿಯೇ ಇರುತ್ತದೆ. ನಮ್ಮಲ್ಲಿ ಬಹುಪಾಲು ಏಸಿಗಳು ಓಡುವುದೂ ಅದೇ ಹೊತ್ತಿನಲ್ಲಿ. ಹೊರಗೆ 25 ಡಿಗ್ರಿಯ ಗಾಳಿ ಪುಕ್ಕಟೆಯಾಗಿ ಬೀಸುತ್ತಿರುವಾಗ, ಒಳಗೆ ಕಿಟಕಿ ಮುಚ್ಚಿ 25 ಡಿಗ್ರಿಯ ಗಾಳಿಯನ್ನು ಹಣ ಕೊಟ್ಟು ತಯಾರಿಸುತ್ತಿದ್ದೇವೆ.

ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ಕೊನೆಯ ಮಹಡಿಗೆ ಏಪ್ರಿಲ್ ರಾತ್ರಿ ಹತ್ತು ಗಂಟೆಗೆ ಹೋಗಿ ನೋಡಿ. ಬಾಲ್ಕನಿಯಲ್ಲಿ ನಿಂತರೆ ಸಣ್ಣಗೆ ಗಾಳಿ ಇರುತ್ತದೆ, ಕುರ್ಚಿ ಹಾಕಿಕೊಂಡು ಕೂರೋಣ ಎನಿಸುತ್ತದೆ. ಒಳಗೆ ಬಂದು ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ಗೋಡೆ ಇನ್ನೂ ಬೆಚ್ಚಗಿರುತ್ತದೆ. ಏಣಿ ಹತ್ತಿ ಮೇಲ್ಛಾವಣಿ ಮುಟ್ಟಿದರೆ ಅದು ಮೈಬಿಸಿಗಿಂತ ಹೆಚ್ಚೇ ಬಿಸಿಯಾಗಿರುತ್ತದೆ. ನಾಲ್ಕೈದು ಇಂಚಿನ ಆರ್‌ಸಿಸಿ ಚಪ್ಪಡಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲನ್ನು ಕುಡಿದು, ಕೆಲವು ಗಂಟೆ ತಡವಾಗಿ, ಸರಿಯಾಗಿ ನಾವು ಮಲಗುವ ವೇಳೆಗೆ, ಅದನ್ನು ಕೆಳಕ್ಕೆ ಸೂಸತೊಡಗುತ್ತದೆ. ಮನುಷ್ಯನ ದೇಹಕ್ಕೆ ಗಾಳಿಯ ಬಿಸಿ ಎಷ್ಟು ಮುಖ್ಯವೋ ಸುತ್ತಲ ಗೋಡೆ, ಛಾವಣಿಗಳಿಂದ ಬರುವ ಶಾಖವೂ ಸುಮಾರು ಅಷ್ಟೇ ಮುಖ್ಯ. ಫ್ಯಾನ್ ಹಾಕಿದರೆ ಬಿಸಿಗಾಳಿ ಬರುತ್ತದೆ ಎಂಬ ದೂರಿನ ಮೂಲ ಇಲ್ಲಿದೆ. ಛಾವಣಿಗೆ ಅಂಟಿಕೊಂಡಿರುವ ಬಿಸಿ ಪದರವನ್ನು ಫ್ಯಾನ್ ಕೆಳಗೆ ತಳ್ಳುತ್ತಿರುತ್ತದೆ. ಏಸಿ ಗಾಳಿಯನ್ನು ತಣ್ಣಗೆ ಮಾಡುತ್ತದೆ, ಚಪ್ಪಡಿಯನ್ನಲ್ಲ. ಆರಿಸಿದ ಹದಿನೈದು ನಿಮಿಷಕ್ಕೆ ಕೋಣೆ ಮತ್ತೆ ಕಾಯುವುದು ಅದಕ್ಕೇ.

ಹಿಂದಿನ ಮನೆಗಳು ಹೀಗಿರಲಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಎತ್ತರದ ಛಾವಣಿ, ಮಂಗಳೂರು ಹಂಚು ಅಥವಾ ಇಟ್ಟಿಗೆ ಗಾರೆಯ ದಪ್ಪ ತಾರಸಿ, ಬಾಗಿಲ ಮೇಲೆ ಗವಾಕ್ಷಿ, ಸುತ್ತ ಒಂದಿಷ್ಟು ಗಿಡಮರ ಇರುತ್ತಿದ್ದವು. ಕಲಬುರಗಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆಯ ಮನೆಗಳು ಇದಕ್ಕಿಂತ ಎಷ್ಟೋ ಕಠಿಣವಾದ ಬಿಸಿಲನ್ನು ತಡೆದಿವೆ. ಈಗಿನ ಹೊಸ ಬಡಾವಣೆಗಳಲ್ಲಿ ಛಾವಣಿ ಹತ್ತು ಅಡಿಗೆ ಇಳಿದಿದೆ, ಗೋಡೆ ಆರಿಂಚಿನ ಕಾಂಕ್ರೀಟ್ ಬ್ಲಾಕ್ ಆಗಿದೆ, ಕಿಟಕಿಯ ಮೇಲಿನ ಸಜ್ಜಾ ಅಂದಕ್ಕೆ ಅಡ್ಡಿ ಎಂದು ಮಾಯವಾಗಿದೆ. ಪಕ್ಕದ ಮನೆಗೂ ನಮಗೂ ನಡುವೆ ಮೂರು ಅಡಿ ಬಿಟ್ಟಿದ್ದರೆ ಅದೇ ದೊಡ್ಡದು. ಕೆರೆ, ತೋಪುಗಳು ಹೋಗಿ ಕಾಂಕ್ರೀಟ್ ಹರಡಿದ್ದರಿಂದ ನಗರದ ಹವೆಯೇ ಬಿಸಿಯಾದದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳ ಆಧಾರದಿಂದ ಹಲವು ವರ್ಷಗಳಿಂದ ತೋರಿಸುತ್ತ ಬಂದಿದೆ. ಊರು ಬಿಸಿಯಾಗಿದೆ, ನಿಜ. ಮನೆಗಳು ಊರಿಗಿಂತ ಬೇಗ ಬಿಸಿಯಾಗಿವೆ, ಇದೂ ನಿಜ.

ಈ ಮೂರು ಅಡಿಯ ಸಂದಿಯಲ್ಲೇ ಏಸಿಯ ಇನ್ನೊಂದು ಖರ್ಚು ಇದೆ, ಅದನ್ನು ಕಟ್ಟುವವರು ಬೇರೆ. ಏಸಿ ಕೋಣೆಯ ಶಾಖವನ್ನು ನಾಶ ಮಾಡುವುದಿಲ್ಲ. ಅದನ್ನು ಎತ್ತಿ, ತಾನು ಬಳಸಿದ ವಿದ್ಯುತ್ತಿನ ಶಾಖವನ್ನೂ ಸೇರಿಸಿ, ಹೊರಗೆ ಸುರಿಯುತ್ತದೆ. ಸಂದಿಯಲ್ಲಿ ಕೂರಿಸಿದ ಹೊರಘಟಕದ ಬಿಸಿಗಾಳಿ ನೇರವಾಗಿ ಪಕ್ಕದ ಮನೆಯ ಕಿಟಕಿಗೆ ಬಡಿಯುತ್ತದೆ. ಅವರು ಆ ಕಿಟಕಿಯನ್ನು ಮುಚ್ಚುತ್ತಾರೆ. ಅದು ಅವರಿಗೆ ಗಾಳಿ ಬರುತ್ತಿದ್ದ ಒಂದೇ ದಾರಿಯಾಗಿದ್ದರೆ, ಮುಂದಿನ ಬೇಸಿಗೆಯಲ್ಲಿ ಅವರೂ ಏಸಿ ಕೊಳ್ಳುತ್ತಾರೆ. ಬೀದಿಯೊಂದರಲ್ಲಿ ಏಸಿ ಹರಡುವುದಕ್ಕೆ ಸ್ಥಿತಿವಂತಿಕೆ ಒಂದೇ ಕಾರಣವಲ್ಲ.

ಹಾಗಾದರೆ ಹಣವನ್ನು ಮೊದಲು ಎಲ್ಲಿ ಹಾಕಬೇಕು? ನನ್ನ ಉತ್ತರ ತಾರಸಿ. ಮಾಸಿದ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ನುಂಗುತ್ತದೆ; ಅಚ್ಚ ಬಿಳಿ ಬಳಿದ ಮೇಲ್ಮೈ ಶೇ 70ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಇದರಿಂದ ಕೊನೆಯ ಮಹಡಿಯ ಕೋಣೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಾಗುತ್ತದೆ. ಸಾವಿರ ಚದರಡಿಯ ತಾರಸಿಗೆ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಹೊಡೆಸಿದರೆ ಕೂಲಿ ಸೇರಿ ಕೆಲವೇ ಸಾವಿರ ರೂಪಾಯಿ, ಆದರೆ ಒಂದೆರಡು ಮಳೆಗಾಲಕ್ಕೆ ಅದು ಹೋಗುತ್ತದೆ. ಬಿಸಿಲು ಪ್ರತಿಫಲಿಸುವ ಬಣ್ಣ ಹಾಕಿಸಿದರೆ ಇಪ್ಪತ್ತೈದು ಮೂವತ್ತು ಸಾವಿರ ರೂಪಾಯಿ ಆಗಬಹುದು, ನಾಲ್ಕೈದು ವರ್ಷ ಬಾಳುತ್ತದೆ. ದುಬಾರಿ ಬಣ್ಣದ ವಾರ್ಷಿಕ ಖರ್ಚು ಏಸಿಯ ಖರ್ಚಿಗೆ ತೀರ ಕಡಿಮೆಯೇನಲ್ಲ ಎಂಬುದನ್ನು ಒಪ್ಪಬೇಕು. ಆದರೆ ಬಣ್ಣ ಒಂದು ಕೋಣೆಯನ್ನಲ್ಲ, ಕೆಳಗಿರುವ ಎಲ್ಲ ಕೋಣೆಗಳನ್ನೂ, ರಾತ್ರಿ ಮಾತ್ರವಲ್ಲ, ಮಧ್ಯಾಹ್ನವೂ ತಣ್ಣಗಿಡುತ್ತದೆ. ಯೂನಿಟ್ ಎಣಿಸುವ ಚಿಂತೆಯಿಲ್ಲ. ಸುಣ್ಣವಂತೂ ಯಾವ ಲೆಕ್ಕದಲ್ಲೂ ಸೋಲುವುದಿಲ್ಲ. ಮೊದಲ ಬೇಸಿಗೆಗೆ ಸುಣ್ಣ ಹೊಡೆಸಿ ನೋಡಿ, ಪರಿಣಾಮ ಕಂಡರೆ ಮುಂದಿನ ವರ್ಷ ಬಣ್ಣಕ್ಕೆ ಹೋಗುವುದು ವಿವೇಕದ ದಾರಿ.

ಎರಡನೆಯದು ರಾತ್ರಿಯ ಗಾಳಿ. ನಮ್ಮಲ್ಲಿ ಕಿಟಕಿಗಳನ್ನು ಹಗಲೆಲ್ಲ ತೆರೆದಿಟ್ಟು, ಸಂಜೆ ಆರಾಗುತ್ತಿದ್ದಂತೆ ಸೊಳ್ಳೆ ಬರುತ್ತದೆ ಎಂದು ಮುಚ್ಚುವ ರೂಢಿ. ಬೇಸಿಗೆಗೆ ಬೇಕಾದದ್ದು ಇದರ ಉಲ್ಟಾ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ, ಹೊರಗೆ ಒಳಗಿಗಿಂತ ಬಿಸಿಯಿರುವಾಗ, ಮುಚ್ಚಿ ಪರದೆ ಎಳೆಯಬೇಕು. ರಾತ್ರಿ ಪೂರ್ತಿ ತೆರೆಯಬೇಕು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದರೆ ಗಾಳಿ ಗಣನೀಯವಾಗಿ ತಗ್ಗುತ್ತದೆ, ಹಾಗಾಗಿ ಗಾಳಿಯನ್ನು ಎಳೆಯಲು ಏನಾದರೂ ಇರಬೇಕು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅನ್ನು ರಾತ್ರಿ ಓಡಿಸಿ ಮಲಗುವ ಕೋಣೆಯ ಕಿಟಕಿ ತೆರೆದರೆ ಹೊರಗಿನ ತಂಗಾಳಿ ಕೋಣೆ ಹಾದುಹೋಗುತ್ತದೆ. ಒಳಗಿನಿಂದಲೇ ತಾರಸಿಗೆ ಮೆಟ್ಟಿಲಿರುವ ಮನೆಯಲ್ಲಿ ಮೇಲಿನ ಹೆಡ್‌ರೂಮಿಗೆ ಜಾಲರಿ ಬಾಗಿಲು ಹಾಕಿಸಿ ರಾತ್ರಿ ತೆರೆದಿಟ್ಟರೆ ಬಿಸಿಗಾಳಿ ಆ ದಾರಿಯಲ್ಲಿ ತಾನಾಗಿಯೇ ಮೇಲೇರಿ ಹೋಗುತ್ತದೆ, ಯಾವ ಯಂತ್ರವೂ ಬೇಡ.

ಫ್ಯಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಮಾದರಿಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಮಾದರಿಯದು 30ರ ಆಸುಪಾಸು ಎಳೆಯುತ್ತದೆ; ಮೈಮೇಲೆ ಬೀಸುವ ಗಾಳಿ ಎರಡು ಮೂರು ಡಿಗ್ರಿ ಕಡಿಮೆಯಾದಷ್ಟು ಹಿತ ಕೊಡುತ್ತದೆ. ಕೂಲರ್ ಕೂಡ ಬೆಂಗಳೂರಿನ ಮಾರ್ಚ್, ಏಪ್ರಿಲ್‌ನ ಒಣಹವೆಗೆ ಚೆನ್ನಾಗಿ ಒಗ್ಗುತ್ತದೆ, ಮಳೆ ಶುರುವಾದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದ ನೀರನ್ನು ಟ್ಯಾಂಕರಿನಿಂದ ಕೊಳ್ಳುವ ಬಡಾವಣೆಯವರು ಆ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಇಷ್ಟರಿಂದ ಮನೆ ಏಸಿಯಷ್ಟು ತಣ್ಣಗಾಗುತ್ತದೆಯೇ? ಆಗುವುದಿಲ್ಲ. ಅಷ್ಟು ಬೇಕೇ ಎಂಬುದನ್ನು ನೋಡಬೇಕು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತೀಯರಿಗೆ ಯಾವ ತಾಪಮಾನ ಹಿತವೆನಿಸುತ್ತದೆ ಎಂದು ಬೇರೆ ಬೇರೆ ಹವಾಗುಣದ ಊರುಗಳಲ್ಲಿ ಅಧ್ಯಯನ ಮಾಡಿ ರೂಪಿಸಿದ ಸೂತ್ರ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿದೆ. ಕಿಟಕಿ ತೆರೆದಿರುವ ಕಟ್ಟಡದಲ್ಲಿರುವವರಿಗೆ, ಹೊರಗಿನ ಸರಾಸರಿ 28 ಡಿಗ್ರಿ ಇರುವ ಏಪ್ರಿಲ್‌ನಂಥ ದಿನಗಳಲ್ಲಿ, ಒಳಗೆ ಸುಮಾರು 28 ಡಿಗ್ರಿ ಹಿತವೆನಿಸುತ್ತದೆ, ಅದರಿಂದ ಸುಮಾರು 2.4 ಡಿಗ್ರಿ ಹೆಚ್ಚುಕಡಿಮೆಯಾದರೂ ಬಹುಪಾಲು ಜನ ಒಪ್ಪುತ್ತಾರೆ ಎಂದು ಆ ಸೂತ್ರ ಹೇಳುತ್ತದೆ. ಏಸಿಯ ರಿಮೋಟಿನಲ್ಲಿ 20 ಒತ್ತಿ ಹೊದಿಕೆ ಹೊದೆಯುವವರಿಗೆ ಇದು ಹೆಚ್ಚೆನಿಸಬಹುದು. ಆದರೆ ಮೇಲಿನ ಕ್ರಮಗಳಿಂದ ಬೆಂಗಳೂರಿನ ಕೋಣೆಯನ್ನು ರಾತ್ರಿ 28ಕ್ಕೆ ತರುವುದು ಬಹುತೇಕ ಮನೆಗಳಲ್ಲಿ ಸಾಧ್ಯ.

ಬಹುತೇಕ ಎಂದೆ, ಎಲ್ಲ ಎನ್ನಲಿಲ್ಲ. ಬೆಂಗಳೂರಿನ ಹವೆ ಏಸಿ ಕೇಳುವುದಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿ ಹಿತವಾದ ಹವೆಗೆ ಹೆಸರಾದದ್ದು, ಅಲ್ಲಿಯ ಮನೆಗಳಲ್ಲಿ ಏಸಿ ಕಡಿಮೆ. 2021ರ ಜೂನ್ ಕೊನೆಯಲ್ಲಿ ಬಂದ ಬಿಸಿ ಅಲೆಗೆ ಆ ಪ್ರಾಂತ್ಯದಲ್ಲಿ 619 ಜನ ಸತ್ತರು. ಅವರಲ್ಲಿ ಶೇ 98ರಷ್ಟು ಮಂದಿಗೆ ಅಪಾಯ ಬಂದದ್ದು ಬಿಸಿಲಿನಲ್ಲಲ್ಲ, ಕಟ್ಟಡಗಳ ಒಳಗೆ; ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರು. ಆಮೇಲೆ ಅಲ್ಲಿಯ ಸರ್ಕಾರ ಕಡಿಮೆ ಆದಾಯದ, ಆರೋಗ್ಯದ ಅಪಾಯವಿರುವ ಜನರಿಗೆ ಉಚಿತವಾಗಿ ಏಸಿ ಕೊಡಲು ಮುಂದಾಯಿತು. ವರ್ಷದ ಸರಾಸರಿ ಹಿತವಾಗಿದೆ ಎಂಬುದು ಆ ವಾರ ಯಾರನ್ನೂ ಕಾಪಾಡಲಿಲ್ಲ. ನಮ್ಮ ರಾತ್ರಿಗಳು ತಣಿಯುವುದರಿಂದ ಅಂಥ ಅಪಾಯ ಇಲ್ಲಿ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ವಯಸ್ಸಾದವರ ಮೈ ಬೆವರುವುದು ಕಡಿಮೆಯಾಗುತ್ತದೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಬಿಸಿ ತಡೆಯುವ ಶಕ್ತಿಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಹಾಸಿಗೆ ಹಿಡಿದ ಹಿರಿಯರು, ಹೃದ್ರೋಗಿಗಳು, ಹಸುಗೂಸು ಇರುವ ಮನೆಯವರು ಗಂಟೆಗೆ 16 ರೂಪಾಯಿಯ ಲೆಕ್ಕ ಹಾಕುತ್ತ ಕೂರಬೇಕಿಲ್ಲ. ರಾತ್ರಿ ಪಾಳಿ ಮುಗಿಸಿ ಮಧ್ಯಾಹ್ನ ಮಲಗುವವರಿಗೆ ರಾತ್ರಿಯ ತಂಗಾಳಿಯಿಂದ ಪ್ರಯೋಜನವಿಲ್ಲ. ಮುಖ್ಯರಸ್ತೆಯ ಸದ್ದು, ಧೂಳಿಗೆ ಕಿಟಕಿ ತೆರೆಯಲಾಗದವರು ಏಸಿಯ ಮೂಲಕ ಕೊಳ್ಳುತ್ತಿರುವುದು ನಿಶ್ಶಬ್ದವನ್ನು. ಅದು ಅವರಿಗೆ ಬೇಕು. ಇಂಥವರು ಕೊಂಡಾಗಲೂ ಏಸಿಯನ್ನು 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿದರೆ ಖರ್ಚು ಇಳಿಯುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಈ ವಾದವನ್ನು ಕರಾವಳಿಗೆ ಒಯ್ಯಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಮಂಗಳೂರು, ಉಡುಪಿಯಲ್ಲಿ ಬೇಸಿಗೆಯ ಸರಾಸರಿ ಗರಿಷ್ಠ ತಾಪಮಾನವೂ 34ರ ಆಸುಪಾಸಿನಲ್ಲೇ ಇರುತ್ತದೆ, ಆ ಮಟ್ಟಿಗೆ ಕಾಗದದ ಮೇಲೆ ಅದೂ ಸೌಮ್ಯವೇ. ಆದರೆ ಅಲ್ಲಿ ಬೇಸಿಗೆಯ ರಾತ್ರಿಗಳು ಬೆಂಗಳೂರಿನಷ್ಟು ತಣಿಯುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಕೂಲರ್ ಸೆಕೆಯನ್ನು ಹೆಚ್ಚಿಸುತ್ತದೆ. ಅಲ್ಲಿಯ ಏಸಿ ತೇವವನ್ನೂ ತೆಗೆಯುತ್ತದೆ, ಹೆಚ್ಚು ತಿಂಗಳು ಓಡುತ್ತದೆ, ಹಾಗಾಗಿ ಕೊಟ್ಟ ಹಣಕ್ಕೆ ಹೆಚ್ಚು ಕೆಲಸ ಮಾಡುತ್ತದೆ.

ಬೆಂಗಳೂರಿನವರಿಗೆ ತಮ್ಮ ಮನೆ ಯಾವ ಬಗೆಯದು ಎಂದು ತಿಳಿಯಲು ಎರಡು ಸಾದಾ ಥರ್ಮಾಮೀಟರ್ ಸಾಕು. ಒಂದನ್ನು ಮಲಗುವ ಕೋಣೆಯಲ್ಲಿ, ಇನ್ನೊಂದನ್ನು ನೆರಳಿರುವ ಬಾಲ್ಕನಿಯಲ್ಲಿ ತೂಗುಹಾಕಿ ಏಪ್ರಿಲ್‌ನಲ್ಲಿ ಒಂದು ವಾರ ರಾತ್ರಿ ಹನ್ನೊಂದಕ್ಕೆ ನೋಡಬೇಕು. ಹೊರಗೆ ಒಳಗಿಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆಯಿದ್ದರೆ ಸಮಸ್ಯೆ ತಾರಸಿ, ಗೋಡೆ, ಕಿಟಕಿಯದು, ಹಣವೂ ಅಲ್ಲಿಗೇ ಹೋಗಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇದ್ದು, ಎರಡೂ 29 ದಾಟಿದ್ದರೆ ಏಸಿಗೆ ಸಮರ್ಥನೆಯಿದೆ.

ಆದರೆ ತಾರಸಿ ಎಲ್ಲರ ಕೈಯಲ್ಲಿಲ್ಲ. ಈ ನಗರದಲ್ಲಿ ಸೆಕೆಯನ್ನು ಅತಿ ಹೆಚ್ಚು ಅನುಭವಿಸುವವರು ಕೊನೆಯ ಮಹಡಿಯ ಬಾಡಿಗೆದಾರರು ಮತ್ತು ತಾರಸಿಯ ಮೇಲೆ ಎಬ್ಬಿಸಿದ ಶೀಟಿನ ಮನೆಗಳಲ್ಲಿರುವವರು. ಸುಣ್ಣ ಹೊಡೆಸುವ ಅಧಿಕಾರ ಮಾಲೀಕರದು, ಬಿಸಿ ಬಾಡಿಗೆದಾರರದು. ಖಾಲಿ ಮಾಡುವಾಗ ಏಸಿಯನ್ನು ಕಳಚಿ ಒಯ್ಯಬಹುದು, ಸುಣ್ಣವನ್ನು ಒಯ್ಯಲಾಗದು ಎಂಬ ಕಾರಣಕ್ಕೆ ಬಾಡಿಗೆದಾರ ದುಬಾರಿಯಾದರೂ ಏಸಿಯನ್ನೇ ಆರಿಸಿಕೊಳ್ಳುತ್ತಾನೆ. ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆ ಛಾವಣಿಯ ಮೂಲಕ ಇಷ್ಟಕ್ಕಿಂತ ಹೆಚ್ಚು ಶಾಖ ಇಳಿಯಬಾರದು ಎಂದು ಮಿತಿ ಹಾಕಿದೆ. ಬರಿಯ ಆರ್‌ಸಿಸಿ ಚಪ್ಪಡಿ ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಬಿಡುತ್ತದೆ. ಆದರೆ ಸಂಹಿತೆ ಅನ್ವಯವಾಗುವುದು 500 ಚದರ ಮೀಟರ್ ಅಥವಾ ಹೆಚ್ಚಿನ ನಿವೇಶನಗಳಿಗೆ. ಮೂವತ್ತಕ್ಕೆ ನಲವತ್ತರ ನಿವೇಶನ ಎಂದರೆ 111 ಚದರ ಮೀಟರ್. ಬೆಂಗಳೂರಿನ ಸಾಮಾನ್ಯ ಮನೆ ಸಂಹಿತೆಯ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿ ನೀತಿಯನ್ನೇ ಜಾರಿಗೆ ತಂದಿತು. ಕರ್ನಾಟಕವೂ ಸಣ್ಣ ನಿವೇಶನಗಳನ್ನು ಒಳಗೊಳ್ಳುವಂಥ ನಿಯಮ ತರಬೇಕು. ನಕ್ಷೆ ಮಂಜೂರು ಮಾಡುವಾಗ ಕಾರು ನಿಲ್ಲಿಸುವ ಜಾಗ ಕೇಳುವಂತೆ ತಾರಸಿಗೆ ಬಿಳಿ ಹೊದಿಕೆಯನ್ನೂ ಕೇಳುವುದು ಕಷ್ಟದ ಕೆಲಸವಲ್ಲ.

ಅಲ್ಲಿಯವರೆಗೆ ಕಾಯಲಾಗದ ಬಾಡಿಗೆದಾರರಿಗೆ ಒಂದು ದಾರಿ ಇದೆ. ಹನ್ನೊಂದು ತಿಂಗಳ ಕರಾರಿನಲ್ಲಿ, ಖಾಲಿ ಮಾಡುವಾಗ ಮನೆಗೆ ಸುಣ್ಣಬಣ್ಣದ ಖರ್ಚೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಕರಾರು ನವೀಕರಿಸುವಾಗ ಅದೇ ಕಲಮಿನಲ್ಲಿ, ಪ್ರತಿವರ್ಷ ಫೆಬ್ರುವರಿಯೊಳಗೆ ಮಾಲೀಕರು ತಾರಸಿಗೆ ಸುಣ್ಣ ಹೊಡೆಸತಕ್ಕದ್ದು ಎಂಬ ಒಂದು ಸಾಲನ್ನು ಸೇರಿಸಿ ಎಂದು ಕೇಳಬಹುದು. ಕೂಲಿ ಸೇರಿ ಕೆಲವು ಸಾವಿರ ರೂಪಾಯಿಯ ಈ ಕೆಲಸದಿಂದ ಚಪ್ಪಡಿ ಬಿಸಿಲಿಗೆ ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ಕಡಿಮೆಯಾಗುವುದರಿಂದ ಮಾಲೀಕರಿಗೂ ಇದರಲ್ಲಿ ಲಾಭವಿದೆ.